ಮದರ್ ಸಹಿ ಮಾಡಿದ ವಾಲ್ಟ್ಸ್

ಈ ಸಲ ಬಾಟಲಿ ಒಂದೇ ಬಂತು.

ಭಾಗಮಂಡಲದಲ್ಲಿರುವ ನನ್ನ ಗೆಳತಿ ಲೀಲಾ ಪ್ರತಿ ವರ್ಷ ತುಲಾ ಸಂಕ್ರಮಣ ಕಳೆದ ಮೂರನೆಯದೋ ನಾಲ್ಕನೆಯದೋ ದಿನ ನನಗೆ ಎರಡು ವಸ್ತು ಕಳಿಸುತ್ತಾಳೆ. ಒಂದು, ಹಳೆಯ ಸ್ಕ್ವಾಷ್ ಬಾಟಲಿಯಲ್ಲಿ ತಲಕಾವೇರಿಯ ತೀರ್ಥ. ಇನ್ನೊಂದು, ಬೆಡ್‌ಶೀಟಿನ ತುಂಡಿನಿಂದ ಹೊಲಿದ ಚೌಕದ ಚೀಲದಲ್ಲಿ ಒಂದು ಎಲ್ಪಿ ರೆಕಾರ್ಡು. ಎರಡನ್ನೂ ಅಲ್ಲಿ ಬಸ್ ಕಂಡಕ್ಟರ್ ಕೈಗೆ ಕೊಟ್ಟರೆ ಆತ ಮಡಿಕೇರಿ ಸ್ಟ್ಯಾಂಡಿನಲ್ಲಿ ಸೋಮವಾರಪೇಟೆ ಬಸ್ಸಿನವನಿಗೆ ದಾಟಿಸುತ್ತಾನೆ, ನಾನು ಇಲ್ಲಿ ಇಳಿಸಿಕೊಳ್ಳುತ್ತೇನೆ. ನಮ್ಮ ಕಡೆ ಬಸ್ಸು ಮನುಷ್ಯರನ್ನು ಹೊರುವುದಕ್ಕಿಂತ ಹೆಚ್ಚಾಗಿ ಮನುಷ್ಯರ ಸಾಮಾನು ಹೊರುತ್ತದೆ. ಔಷಧಿ, ಮೀನು, ಮದುವೆ ಕಾಗದ, ಯಾರದೋ ಮನೆಯಲ್ಲಿ ಮರೆತು ಬಂದ ಕನ್ನಡಕ. ಅದರಲ್ಲಿ ನಮ್ಮದೂ ಒಂದು.

"ಇನ್ನೊಂದು ಎಲ್ಲಪ್ಪಾ?" ಅಂದೆ ಕಂಡಕ್ಟರಿಗೆ.

"ಮಡಿಕೇರೀಲಿ ಇಷ್ಟೇ ಕೊಟ್ಟಿದ್ದು ಅಮ್ಮಾ."

"ಸೀಟಿನ ಅಡೀಲಿ ನೋಡು. ಚೌಕವಾಗಿರುತ್ತೆ, ಇಷ್ಟಗಲ."

ಪಾಪ, ಬಗ್ಗಿ ನೋಡಿದ. ಇಡೀ ಬಸ್ಸು ಕಾಲೆತ್ತಿಕೊಂಡು ಕೂತಿತು. ಇರಲಿಲ್ಲ.

ಮನೆಗೆ ಬಂದು ಬಾಟಲಿಯನ್ನು ದೇವರ ಮುಂದೆ ಇಟ್ಟೆ. ಕೂತೆ. ಎದ್ದೆ. ಗೇಟಿನವರೆಗೆ ಹೋಗಿ ಬಂದೆ. ನನ್ನ ಸೊಸೆ ಶೋಭಾ ತೋಟದ ಲೆಕ್ಕ ಬರೆಯುವ ರೈಟರ್ ಜೊತೆ ಕಾಫಿ ಪಿಕಿಂಗಿಗೆ ಎಷ್ಟು ಆಳು ಬೇಕು ಅಂತ ಮಾತಾಡುತ್ತಿದ್ದವಳು ತಲೆ ಎತ್ತಿ, "ಏನತ್ತೆ, ಏನಾದ್ರೂ ಕಳ್ಕೊಂಡ್ರಾ?" ಅಂದಳು.

"ಇಲ್ಲ" ಅಂದೆ. ಸುಳ್ಳು.

ಆ ರೆಕಾರ್ಡು ಅರ್ಧ ವರ್ಷ ಅವಳದು, ಅರ್ಧ ವರ್ಷ ನನ್ನದು. ಏಪ್ರಿಲಿನ ಬಿಸು ಹಬ್ಬಕ್ಕೆ ನಾನು ಕಳಿಸಬೇಕು, ಅಕ್ಟೋಬರಿನ ಸಂಕ್ರಮಣಕ್ಕೆ ಅವಳು ಕಳಿಸಬೇಕು. ಐವತ್ತು ವರ್ಷ ದಾಟಿತು. ತಡವಾಗಿದ್ದುಂಟು, ಬಾರದೇ ಇದ್ದದ್ದಿಲ್ಲ. ಬಾಟಲಿ ಬಂದು ರೆಕಾರ್ಡು ಬಾರದೆ ಹೋದರೆ ಅದಕ್ಕೆ ಒಂದೇ ಅರ್ಥ ಎಂದು ನನ್ನ ಮನಸ್ಸು ಆ ಸಂಜೆಯೇ ತೀರ್ಮಾನ ಮಾಡಿಬಿಟ್ಟಿತು: ತೀರ್ಥ ಯಾರಿಗಾದರೂ ಕೊಡಬಹುದು, ರೆಕಾರ್ಡು ನನಗೆ ಮಾತ್ರ. ಲೀಲಾ ನನ್ನನ್ನು ಆ ಯಾರಾದರೊಬ್ಬರಲ್ಲಿ ಸೇರಿಸಿಬಿಟ್ಟಳು.

ಇದು ನಿಮಗೆ ಅರ್ಥವಾಗಬೇಕಾದರೆ ಒಂಬತ್ತನೇ ಕ್ಲಾಸಿನ ನೀಡಲ್‌ವರ್ಕ್ ರೂಮಿಗೆ ಬರಬೇಕು. ಬನ್ನಿ, ಚಪ್ಪಲಿ ಹೊರಗೆ ಬಿಡಿ. ಒಳಗೆ ಕೆಂಪು ಆಕ್ಸೈಡ್ ನೆಲ, ಪ್ರತಿ ಶನಿವಾರ ನಾವೇ ಉಜ್ಜುತ್ತಿದ್ದದ್ದು.

ಮಡಿಕೇರಿಯ ನಮ್ಮ ಕಾನ್ವೆಂಟಿನಲ್ಲಿ ಚ್ಯಾಪೆಲ್ ದಾಟಿ, ನೀರಿನ ಟ್ಯಾಂಕಿನ ಪಕ್ಕ, ಕಟ್ಟಡದ ತುತ್ತತುದಿಯಲ್ಲಿ ಆ ರೂಮು. ಎಂಟು ಪೆಡಲ್ ಮಷಿನ್ನು, ಹದಿನಾರು ಹುಡುಗಿಯರು. ಅರ್ಧ ಪೀರಿಯಡ್ ಮಷಿನ್ನಿನಲ್ಲಿ, ಅರ್ಧ ಪೀರಿಯಡ್ ಕೈಹೊಲಿಗೆಯಲ್ಲಿ. ವರ್ಷದ ಕೊನೆಗೆ ಒಬ್ಬೊಬ್ಬರೂ ಒಂದು ಪೆಟಿಕೋಟು ಹೊಲಿದು ಎಗ್ಸಿಬಿಷನ್ನಿಗೆ ಇಡಬೇಕು. ಹೆಣ್ಣುಮಗಳೊಬ್ಬಳ ಚಾರಿತ್ರ್ಯ ಅವಳ ಹೆಮ್ಮಿಂಗಿನಲ್ಲಿ ಗೊತ್ತಾಗುತ್ತದೆ ಎನ್ನುವುದು ನಮ್ಮ ಮದರ್ ಸುಪೀರಿಯರ್ ಅವರ ದೃಢವಾದ ನಂಬಿಕೆ. ಹಾಗಾದರೆ ನನ್ನದು ಅಂದಿಗೇ ಕೆಟ್ಟಿತ್ತು.

ಕಲಿಸುತ್ತಿದ್ದವರು ಸಿಸ್ಟರ್ ಬೆನಿಟಾ, ಮಂಗಳೂರು ಕಡೆಯವರು. ಗುಂಡಗೆ, ಬೆಳ್ಳಗೆ, ಸದಾ ಬಾಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರು. ಅವರಿಗೆ ನಮ್ಮ ಕಾಲುಗಳದೇ ಚಿಂತೆ. "ಎಂತ ಮಕ್ಕಳೇ ನೀವು, ಕಾಲು ಒಮ್ಮೆ ಓಡುದು, ಒಮ್ಮೆ ನಿಲ್ಲುದು. ನೂಲು ತುಂಡಾಗದೆ ಮತ್ತೆಂತ ಆಗುದು?" ಪೆಡಲ್ಲು ಒಂದೇ ಸಮ ತುಳಿಯಲು ಮ್ಯೂಸಿಕ್ ಬೇಕು ಎಂದು ಅವರಿಗೆ ಹೊಳೆಯಿತು. ಮದರ್ ಹತ್ತಿರ ಹೋಗಿ, ಒಂದು ತಿಂಗಳು ಬೆನ್ನು ಬಿದ್ದು, ರೆಕಾರ್ಡ್ ಪ್ಲೇಯರಿಗೆ ಪರ್ಮಿಷನ್ ತಂದರು. ರೆಕಾರ್ಡು? ಅದಕ್ಕೂ ದಾರಿ ಇತ್ತು. ಎಸ್ಟೇಟು ಮಾರಿ ಇಂಗ್ಲೆಂಡಿಗೆ ಹೊರಟಿದ್ದ ಒಬ್ಬ ದೊರೆಸಾನಿ ಕಾನ್ವೆಂಟಿನವರು ಹಳೆ ಸಾಮಾನು ಮಾರುವ ಜಂಬಲ್ ಸೇಲಿಗೆ ಎಂದು ಎರಡು ಪೆಟ್ಟಿಗೆ ಸಾಮಾನು ಕೊಟ್ಟು ಹೋಗಿದ್ದಳು. ಟೀ ಕೋಜಿ, ಗಾಲ್ಫ್ ಶೂ, ನರಿಯ ಬಾಲವಿದ್ದ ಕೋಟು. ಅದರೊಳಗೆ ಒಂದು ಎಲ್ಪಿ. ಕವರಿನ ಮೇಲೆ ತೂಗುದೀಪದ ಕೆಳಗೆ ಕುಣಿಯುತ್ತಿರುವ ಗಂಡು ಹೆಣ್ಣು, ನಡುವೆ ಒಂದು ಮೊಳ ಅಂತರ. ವಾಲ್ಟ್ಸ್ ಸಂಗ್ರಹ, ಅಂದರೆ ಜೋಡಿ ಕುಣಿತದ ಸಂಗೀತ. ಮದರ್ ಅಂತರ ನೋಡಿ ಸಮಾಧಾನಪಟ್ಟು, ಕವರಿನ ಮೂಲೆಯಲ್ಲಿ ನೀಲಿ ಇಂಕಿನಲ್ಲಿ "ಅಪ್ರೂವ್ಡ್" ಎಂದು ಬರೆದು ಸಹಿ ಮಾಡಿದರು. ಒಳಗಿನ ರೆಕಾರ್ಡಿನ ಎರಡೂ ಬದಿಯ ಲೇಬಲ್ಲಿನ ಮೇಲೆ ಆಫೀಸಿನವರು ಕಾನ್ವೆಂಟಿನ ನಂಬರ್ ಚೀಟಿ ಅಂಟಿಸಿ ಮೊಹರು ಒತ್ತಿದರು. ಅಲ್ಲಿಗೆ ಅದು ಕ್ರಿಶ್ಚಿಯನ್ ಆಯಿತು.

ಒಂದು ಮಂಗಳವಾರ, ಮಧ್ಯಾಹ್ನದ ಊಟದ ನಂತರದ ಪೀರಿಯಡ್ಡು. ಸಿಸ್ಟರ್ ಮುಳ್ಳು ಇಳಿಸಿದರು. ಮೊದಲು ಸ್ವಲ್ಪ ಕರಕರ. ಆಮೇಲೆ ಸಾಮಿಲ್ಲಿನಲ್ಲಿ ಬೀಟೆ ಮರ ಸೀಳಿದ ಹಾಗೆ ಒಂದು ಗಿಟಾರು. ಅದರ ಬೆನ್ನ ಹಿಂದೆ ಡ್ರಮ್ಮು. ಇವೆರಡರ ಮೇಲೆ ಹತ್ತಿ ನಿಂತ ಹಾಗೆ ಒಬ್ಬ ಗಂಡಸು, ಗಂಟಲು ಹರಿದುಹೋಗುವಂತೆ ಯಾರನ್ನೋ ಕರೆಯುತ್ತಿದ್ದ. ಆ ವಯಸ್ಸಿನವರೆಗೆ ನಾನು ಗಂಡಸರು ಕೂಗುವುದನ್ನು ಕೇಳಿದ್ದು ಎರಡೇ ಸಂದರ್ಭದಲ್ಲಿ: ಕಾಡಂದಿ ತೋಟಕ್ಕೆ ನುಗ್ಗಿದಾಗ, ಮತ್ತು ಅಪ್ಪನಿಗೆ ಸಿಟ್ಟು ಬಂದಾಗ. ಹೀಗೆ ಬೇಡಿಕೊಳ್ಳುವ ಕೂಗು ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಯಾರ ಮನೆಯಲ್ಲೋ ಯಾವನೋ ಮಗ ತನ್ನ ರೆಕಾರ್ಡನ್ನು ಅಮ್ಮನ ಕವರಿನಲ್ಲಿ ಇಟ್ಟಿದ್ದ, ಅಷ್ಟೇ. ಅದು ನಮಗೆ ಈಗ ಗೊತ್ತು. ಆಗ ಹದಿನಾರು ಹುಡುಗಿಯರೂ ಸಿಸ್ಟರ್ ಮುಖ ನೋಡಿದೆವು. ಸಿಸ್ಟರ್ ಬಾಯಿಂದ ಒಂದು ಗುಂಡುಪಿನ್ನು ಕೆಳಗೆ ಬಿತ್ತು. ಅವರು ಕವರು ಎತ್ತಿ ನೋಡಿದರು. ತೂಗುದೀಪ ಇತ್ತು. ಜೋಡಿ ಇತ್ತು. ಮದರ್ ಸಹಿ ಇತ್ತು. ವಿಧೇಯತೆಯ ವ್ರತ ತೊಟ್ಟ ಹೆಂಗಸು ಸಹಿಯನ್ನು ನಂಬಬೇಕೋ ಕಿವಿಯನ್ನೋ?

"ವಾಲ್ಟ್ಸ್ ಅಂದ್ರೆ ಹೀಗೇ ಇರ್ತದೆ ಅಂತ ಕಾಣ್ತದೆ" ಅಂದರು. "ಗರ್ಲ್ಸ್! ವನ್ ಟೂ ತ್ರೀ, ವನ್ ಟೂ ತ್ರೀ. ತುಳೀರಿ."

ತುಳಿದೆವು. ವಾಲ್ಟ್ಸಿಗೆ ಮೂರು ಪೆಟ್ಟು, ಸರಿ. ಆದರೆ ಆ ಡ್ರಮ್ಮಿನವನು ಹೊಡೆಯುತ್ತಿದ್ದದ್ದು ನಾಲ್ಕು. ಸಿಸ್ಟರ್ ಸ್ಕೇಲು ಬಡಿದು ಮೂರು ಎಣಿಸಿದರೆ, ಆತ ಲೆಕ್ಕಕ್ಕೆ ಇಟ್ಟುಕೊಳ್ಳದೆ ನಾಲ್ಕು. ಕಾಲು ಇವರ ಕಡೆಗೋ ಅವರ ಕಡೆಗೋ ತಿಳಿಯದೆ ಮಷಿನ್ನು ಹಿಂದಕ್ಕೆ ತಿರುಗಿ, ನೂಲು ಗೂಡು ಕಟ್ಟಿ, ನನ್ನ ಸೀಮು ಭಾಗಮಂಡಲದ ರಸ್ತೆಯ ಹಾಗೆ ತಿರುವು ತಿರುವಾಗಿ ಹೋಯಿತು.

ಪಕ್ಕದ ಮಷಿನ್ನಿನಲ್ಲಿ ಕೂತಿದ್ದವಳು ಲೀಲಾವತಿ. ಬೋರ್ಡಿಂಗಿನಲ್ಲಿ ಎರಡು ವರ್ಷ ಒಂದೇ ಡಾರ್ಮಿಟರಿಯಲ್ಲಿ ಮಲಗಿದ್ದರೂ ನಾವು ಮಾತಾಡಿದ್ದು ಕಮ್ಮಿ. ನಾನು ಸೋಮವಾರಪೇಟೆ ಕಡೆಯವಳು, ಅವಳು ಕಾವೇರಿ ಹುಟ್ಟುವ ಕಡೆಯವಳು. ಅವಳ ಮನೆಮಾತು ಅರೆಭಾಷೆ. ಅವಳ ಕನ್ನಡಕ್ಕೆ ನಾವೂ, ನಮ್ಮ ಕನ್ನಡಕ್ಕೆ ಅವಳೂ ನಗುತ್ತಿದ್ದೆವು. ಹೊಲಿಗೆಯಲ್ಲಿ ಅವಳೇ ಫಸ್ಟು. ಅವಳು ನನ್ನ ಕಡೆ ತಿರುಗದೆ, ಬಟ್ಟೆಯ ಮೇಲೇ ಕಣ್ಣಿಟ್ಟು, ಪಿಸುಗುಟ್ಟಿದಳು:

"ಏ ಸರೋಜ. ಮೂರು ಎಣಿಸ್ಬೇಡ. ಬಾಯಲ್ಲಿ ಮೂರು ಹೇಳು, ಕಾಲಲ್ಲಿ ನಾಲ್ಕು ತುಳಿ."

"ಸಿಸ್ಟರಿಗೆ ಗೊತ್ತಾದ್ರೆ?"

"ಎಂಥ ಗೂಡೆ ನೀನು. ಸಿಸ್ಟರ್ ನೋಡುದು ಬಾಯಿ. ಕಾಲು ಲಂಗದ ಒಳಗೆ ಉಟ್ಟಲ್ಲ?" ಗೂಡೆ ಎಂದರೆ ಅವರ ಮಾತಿನಲ್ಲಿ ಹುಡುಗಿ, ಉಟ್ಟು ಎಂದರೆ ಉಂಟು.

ಬಾಯಲ್ಲಿ ಮೂರು, ಕಾಲಲ್ಲಿ ನಾಲ್ಕು. ನನ್ನ ಮುಂದಿನ ಬದುಕಿಗೆ ಆ ಕಾನ್ವೆಂಟು ಕೊಟ್ಟ ಶಿಕ್ಷಣವೆಲ್ಲ ಇಷ್ಟೇ ಎಂದು ಎಷ್ಟೋ ಸಲ ಅನ್ನಿಸಿದೆ. ಆದರೆ ಅದನ್ನು ಬೆಳೆಸುವುದಿಲ್ಲ, ನನ್ನ ಸೊಸೆ ಇದನ್ನು ಓದುತ್ತಾಳೆ.

ಜುಲೈಯಿಂದ ಫೆಬ್ರವರಿವರೆಗೆ ವಾರಕ್ಕೆ ಮೂರು ಪೀರಿಯಡ್ಡು ನಾವು ಆ ರೆಕಾರ್ಡಿಗೆ ಹೊಲಿದೆವು. ಬೇರೆ ರೆಕಾರ್ಡು ಇರಲಿಲ್ಲ. ಮಿಕ್ಕ ಹುಡುಗಿಯರಿಗೆ ಅದು ಪೆಡಲ್ಲಿನ ಸದ್ದಿನ ಜೊತೆ ಇನ್ನೊಂದು ಸದ್ದು. ಲೀಲಾಗೂ ನನಗೂ ಮಾತ್ರ ಹುಚ್ಚು ಹಿಡಿಯಿತು. ಊಟದ ಸಾಲಿನಲ್ಲಿ ನಿಂತು ಅವಳು ತಟ್ಟೆಯ ಅಂಚಿಗೆ ಡ್ರಮ್ಮು, ನಾನು ಮೂಗಿನಲ್ಲಿ ಗಿಟಾರು. ಹಾಡಿದವರು ಯಾರೆಂದು ಗೊತ್ತಿಲ್ಲ, ಎಷ್ಟು ಜನ ಗೊತ್ತಿಲ್ಲ, ಮುಖ ನೋಡಿಲ್ಲ. "ನಮ್ಮ ವಾಲ್ಟ್ಸ್‌ನವರು" ಎನ್ನುತ್ತಿದ್ದೆವು. ಎಷ್ಟೋ ವರ್ಷದ ಮೇಲೆ ಮೈಸೂರಿನ ನನ್ನ ಅಣ್ಣನ ಮಗ ಒಂದೇ ಸಾಲು ಕೇಳಿ ಹೆಸರು ಹೇಳಿಬಿಟ್ಟ. ನಾಲ್ಕು ಜನ, ಉದ್ದ ಕೂದಲು, ಜಗತ್ತಿಗೆಲ್ಲ ಗೊತ್ತಿರುವವರು. ನನಗೆ ಒಂಥರಾ ನಿರಾಸೆಯಾಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಿಮ್ಮಲ್ಲಿ ಅರ್ಧ ಜನ ನನಗೆ ಅವರ ಬಗ್ಗೆ ಪಾಠ ಹೇಳಲು ಬರುತ್ತೀರಿ.

ಎಲ್ಲಿದ್ದೆ? ಫೆಬ್ರವರಿ. ಎಗ್ಸಿಬಿಷನ್ನಿಗೆ ಮೊದಲು ಪೆಟಿಕೋಟು ನೋಡಲು ಮದರ್ ಬಂದರು. ಸಿಸ್ಟರ್ ಬೆನಿಟಾ ಗೌರವಾರ್ಥವಾಗಿ ತಾವೇ ಮುಳ್ಳು ಇಳಿಸಿದರು. ಮದರ್ ಐರ್ಲೆಂಡಿನವರು, ವಾಲ್ಟ್ಸ್ ಯಾವುದು, ಯಾವುದಲ್ಲ ಎಂದು ಬಲ್ಲವರು. ಒಂದು ಹಾಡು ಮುಗಿಯುವವರೆಗೂ ನಿಂತೇ ಕೇಳಿದರು. ನಾವು ಬಾಯಲ್ಲಿ ಮೂರು ಎಣಿಸುತ್ತ ತುಳಿಯುತ್ತಲೇ ಇದ್ದೆವು.

"ಸಿಸ್ಟರ್, ದಿಸ್ ಈಸ್ ನಾಟ್ ಎ ವಾಲ್ಟ್ಸ್."

"ಮದರ್, ಯೂ ಹ್ಯಾವ್ ಸೈನ್ಡ್" ಅಂದರು ಸಿಸ್ಟರ್, ಕವರು ಮುಂದೆ ಹಿಡಿದು.

ಮದರ್ ತಮ್ಮ ಸಹಿಯನ್ನು ಬಹಳ ಹೊತ್ತು ಓದಿದರು. ಸಹಿ ಮಾಡಿದವರು ತಾವೇ ಆದ್ದರಿಂದ ಶಿಕ್ಷೆ ಯಾರಿಗೆ ಕೊಡುವುದು? ಸಂಜೆಯೊಳಗೆ ಈ ವಸ್ತು ಕಾನ್ವೆಂಟು ಬಿಡಬೇಕು ಎಂದು ಹೇಳಿ ಹೊರಟುಹೋದರು. ಪೆಟಿಕೋಟು ನೋಡಲೇ ಇಲ್ಲ, ನನ್ನ ಪುಣ್ಯ.

ಸಿಸ್ಟರ್ ಕಣ್ಣೊರೆಸಿಕೊಂಡು ಕೇಳಿದರು, "ಇದು ಯಾರಿಗೆ ಬೇಕು?"

ಎರಡು ಕೈ ಮೇಲೆದ್ದವು. ಅವರು ಲೀಲಾಳನ್ನು ನೋಡಿದರು, ನನ್ನನ್ನು ನೋಡಿದರು. ದೊಡ್ಡ ಕತ್ತರಿ ಎತ್ತಿಕೊಂಡರು. "ಸರಿ, ಸಾಲೊಮನ್ ರಾಜನ ಹಾಗೆ ಅರ್ಧ ಅರ್ಧ ಮಾಡುದಾ?" ಒಂದು ಮಗುವಿಗಾಗಿ ಇಬ್ಬರು ತಾಯಂದಿರು ಜಗಳವಾಡಿದ ಆ ಕತೆಯನ್ನು ಬೈಬಲ್ ಕ್ಲಾಸಿನಲ್ಲಿ ಕೇಳಿದ್ದೆವಾದ್ದರಿಂದ ಇಬ್ಬರಿಗೂ ಉತ್ತರ ಗೊತ್ತಿತ್ತು. ನಿಜವಾದ ತಾಯಿ ಬಿಟ್ಟುಕೊಡಬೇಕು. ಲೀಲಾ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಯಾರೂ ಬಿಟ್ಟುಕೊಡಲಿಲ್ಲ.

"ಎರಡೂ ಮಲತಾಯಿಗಳು!" ಎಂದು ಸಿಸ್ಟರ್ ಅಳುತ್ತಿದ್ದ ಕಣ್ಣಲ್ಲೇ ನಕ್ಕರು. "ಆರು ತಿಂಗಳು ನೀನು, ಆರು ತಿಂಗಳು ನೀನು. ಜಗಳ ಮಾಡಿದ್ರೆ ನಾನು ಬಂದು ನಿಜಕ್ಕೂ ಕತ್ತರಿಸ್ತೇನೆ."

ಹಾಗೆ ಶುರುವಾಯಿತು. ಓದು ಮುಗಿಯಿತು, ಮದುವೆಯಾಯಿತು. ಕಳಿಸುವಾಗ ಕವರಿನೊಳಗೆ ಒಂದು ಚೀಟಿ ಇಡುವುದು ರೂಢಿ. ಚಾರ್ಜ್ ಕೊಡುವಾಗ ರೈಟರುಗಳು ಬರೆಯುತ್ತಾರಲ್ಲ, ಹಾಗೆ, ರೆಕಾರ್ಡಿನ ಸ್ಥಿತಿಗತಿ. ನನ್ನ ಮದುವೆಯ ಮರುವರ್ಷ ನಾನು ಬರೆದದ್ದು: "ಹೊಸ ಗೀರು, ಎರಡನೇ ಬದಿ, ಮೂರನೇ ಹಾಡು. ಕಾರಣ: ಗಂಡ." ಪಾಪ, ಅವರಿಗೆ ಆ ಸದ್ದು ಕಂಡರಾಗದು. ನಿಲ್ಲಿಸಲು ಹೋಗಿ ಮುಳ್ಳು ಎಳೆದುಬಿಟ್ಟರು. ಅಂದಿನಿಂದ ಆ ಜಾಗದಲ್ಲಿ ಹಾಡು ಒಂದು ಸಾಲು ಹಾರುತ್ತದೆ. ಅವರು ತೀರಿಹೋಗುವ ಮುಂಚಿನ ವರ್ಷಗಳಲ್ಲಿ ಕಾಫಿ ಕಣದಲ್ಲಿ ನಿಂತು ಅದೇ ಹಾಡನ್ನು ಶಿಳ್ಳೆ ಹಾಕುತ್ತಿದ್ದರು, ಹಾರುವ ಕಡೆ ಸರಿಯಾಗಿ ಹಾರಿ. ಲೀಲಾಳ ಒಂದು ಚೀಟಿ: "ಒಂಬತ್ತು ದಿನ ತಡ. ಕಾರಣ: ಹೆಣ್ಣು ಮಗು." ಇನ್ನೊಂದು ವರ್ಷ ತೀರ್ಥದ ಬಾಟಲಿಯ ಮುಚ್ಚಳ ಸಡಿಲವಾಗಿ ಕವರೆಲ್ಲ ನೆನೆದು ಬಂತು, ಕುಣಿಯುವ ಜೋಡಿ ಉಬ್ಬಿಕೊಂಡು ಗರ್ಭಿಣಿ ದಂಪತಿಗಳ ಹಾಗೆ ಕಾಣುತ್ತಿತ್ತು. ಮದರ್ ಸಹಿ ಮಾತ್ರ ಅಳಿಸಲಿಲ್ಲ.

ಇಷ್ಟು ವರ್ಷದಲ್ಲಿ ನಾವು ಒಂದು ಕಟ್ಟುನಿಟ್ಟು ಪಾಲಿಸಿದ್ದೆವು. ಯಾರೂ ಕೇಳುವಂತಿಲ್ಲ. "ಎಲ್ಲಿ, ಕಳಿಸಲಿಲ್ಲವಲ್ಲ" ಎಂದರೆ ಅದು ಅಪನಂಬಿಕೆ. ಆದ್ದರಿಂದ ಈ ಅಕ್ಟೋಬರಿನಲ್ಲಿ ನಾನು ಕೇಳಲಿಲ್ಲ. ದಿನಾ ನಾಲ್ಕು ಗಂಟೆ ಬಸ್ಸಿಗೆ ಸ್ಟ್ಯಾಂಡಿಗೆ ಹೋಗಿ ನಿಂತೆ ಅಷ್ಟೆ. ಒಂದು ವಾರ. ಎರಡು ವಾರ. ಸಂತೆಯ ಸೋಮವಾರ ಆ ಗದ್ದಲದಲ್ಲಿ, ಏಲಕ್ಕಿ ಮಾರುವವರ ನಡುವೆ ನಿಂತಿದ್ದಾಗ ಕಂಡಕ್ಟರ್ ದೂರದಿಂದಲೇ ಎರಡೂ ಕೈ ಬಿಚ್ಚಿ ತೋರಿಸಿದ. "ಇಲ್ಲ ಅಮ್ಮಾ! ಬಂದ್ರೆ ಮನೆಗೇ ತಂದ್ಕೊಡ್ತೀನಿ, ನೀವ್ ಹಿಂಗ್ ನಿಂತ್ರೆ ನಂಗೇ ಬೇಜಾರು."

ಶೋಭಾಗೆ ವಿಷಯ ಗೊತ್ತಾಗಿ, "ಅಯ್ಯೋ ಅತ್ತೆ, ಫೋನಲ್ಲೇ ಸಿಗುತ್ತಲ್ಲ" ಎಂದು ಪೂರ್ತಿ ರೆಕಾರ್ಡನ್ನು ಹುಡುಕಿ ಹಾಕಿಕೊಟ್ಟಳು. ತೊಳೆದ ಪಾತ್ರೆಯ ಹಾಗೆ ಫಳಫಳ ಅನ್ನುವ ಸದ್ದು. ಎರಡನೇ ಬದಿಯ ಮೂರನೇ ಹಾಡಿನಲ್ಲಿ ನಾನು ಅಭ್ಯಾಸದಂತೆ ಒಂದು ಸಾಲು ಹಾರಿ ಮುಂದೆ ಹೋಗಿಬಿಟ್ಟೆ. ಹಾಡುವವರು ಹಾರಲಿಲ್ಲ. ಅವರು ಬರುವವರೆಗೆ ನಾನು ಒಬ್ಬಳೇ ಅಲ್ಲಿ ಕಾಯುತ್ತ ನಿಲ್ಲಬೇಕಾಯಿತು. ಫೋನು ವಾಪಸ್ ಕೊಟ್ಟೆ.

ಇಪ್ಪತ್ತೈದನೆಯ ದಿನ ಮನಸ್ಸು ತಡೆಯದೆ ಫೋನು ಮಾಡಿದೆ. ರೆಕಾರ್ಡಿನ ಮಾತು ಎತ್ತುವುದಿಲ್ಲ, ತೀರ್ಥ ಬಂತು ಎಂದಷ್ಟೇ ಹೇಳುವುದು ಎಂದು ನಿಶ್ಚಯಿಸಿಕೊಂಡು. ಎತ್ತಿದವಳು ಅವಳ ಮಗಳು ಗಾಯತ್ರಿ, ಆ ಒಂಬತ್ತು ದಿನದ ತಡಕ್ಕೆ ಕಾರಣವಾದ ಹೆಣ್ಣು ಮಗು, ಈಗ ಅವಳಿಗೇ ತಲೆ ನೆರೆತಿದೆ.

"ಅವ್ವ ಈಗ ಫೋನಿಗೆ ಬರುದಿಲ್ಲೆ ಆಂಟಿ."

"ಮಲಗಿದ್ದಾಳಾ?"

"ಇಲ್ಲ... ಇಲ್ಲೇ ಒಳೊ. ಬರುದಿಲ್ಲೆ ಅಷ್ಟೆ."

ಹಿಂದಿನಿಂದ ಹೊಲಿಗೆ ಮಷಿನ್ನು ಓಡುವ ಸದ್ದು ನನಗೆ ಸ್ಪಷ್ಟ ಕೇಳಿಸುತ್ತಿತ್ತು. ಅಲ್ಲೇ ಇದ್ದಾಳೆ. ನನ್ನ ಫೋನು ಎಂದು ಗೊತ್ತು. ಬರುವುದಿಲ್ಲ.

ಅಂದಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಏನು ಮಾಡಿದೆ ನಾನು? ಏಪ್ರಿಲಿನ ನನ್ನ ಚೀಟಿ ನೆನಪಾಯಿತು. ಕಂಡಕ್ಟರ್ ಒಬ್ಬ ನಗುತ್ತ ಹೇಳಿದ್ದ, ಹೋದ ವರ್ಷದ ಮಳೆಗಾಲದಲ್ಲಿ ಲೀಲಮ್ಮನ ಮನೆಯ ಹಾಡು ರಸ್ತೆ ತಿರುವಿನವರೆಗೆ ಕೇಳಿಸುತ್ತಿತ್ತು ಎಂದು. ನಾನು ಅದನ್ನೇ ಹಿಡಿದು, ದೊಡ್ಡ ಜೋಕು ಮಾಡಿದೆ ಎಂದುಕೊಂಡು, ಬರೆದಿದ್ದೆ: "ವಾಲ್ಯೂಮ್ ಸ್ವಲ್ಪ ಇಳಿಸು ಮಾರಾಯ್ತಿ. ಅರ್ಚಕರಿಗೆ ಮಂತ್ರ ಮರೆತುಹೋದೀತು." ಅದಕ್ಕೆ ಕೋಪವೇ? ಲೀಲಾ ಇದಕ್ಕಿಂತ ಕೆಟ್ಟದ್ದು ನನಗೆ ಬರೆದಿದ್ದಾಳೆ. ಆದರೂ ಮಾತು ಯಾವಾಗ ಎಲ್ಲಿ ಚುಚ್ಚುತ್ತದೆ ಎಂದು ಹೇಳಲು ಬರುವುದಿಲ್ಲ. ಬಟ್ಟೆ ಮಡಿಸುತ್ತಿದ್ದವಳು ಅರ್ಧಕ್ಕೆ ಬಿಟ್ಟು ಅಡಿಗೆಮನೆಗೆ, ಅಲ್ಲಿಂದ ಕಣಕ್ಕೆ, ಕಣದಿಂದ ಗೇಟಿಗೆ. "ಅತ್ತೆ, ನಿಮ್ಮನ್ನ ನೋಡ್ತಿದ್ರೆ ನಂಗೆ ತಲೆ ತಿರುಗುತ್ತೆ" ಎಂದಳು ಶೋಭಾ. "ಹೋಗಿ ಕೇಳ್ಬಿಡಿ. ಡ್ರೈವರ್‌ಗೆ ಹೇಳ್ತೀನಿ."

"ಕಾರು ಬೇಡ" ಅಂದೆ. ಕಾರಿನಲ್ಲಿ ಹೋಗಿ ಇಳಿದರೆ ವಸೂಲಿಗೆ ಹೋದ ಹಾಗೆ ಕಾಣುತ್ತದೆ. ರೆಕಾರ್ಡು ಇಷ್ಟು ವರ್ಷ ಹೇಗೆ ಹೋಗಿ ಬಂದಿತೋ ಹಾಗೇ ಹೋದೆ. ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ, ಚೇರಂಬಾಣೆ ದಾಟುವಾಗ ಯಾಕಾದರೂ ಹೊರಟೆನೋ ಎನ್ನಿಸಿತು. ನನಗೆ ಬೇಕಾಗಿದ್ದದ್ದು ರೆಕಾರ್ಡೋ, ಅವಳ ಕೋಪಕ್ಕೆ ಕಾರಣವೋ? ಎರಡೂ ಕೊಡದೆ ಕಾಫಿ ಕುಡಿಸಿ ಕಳಿಸಿದರೆ ಏನು ಮಾಡುವುದು? ಪಕ್ಕದ ಸೀಟಿನ ಹೆಂಗಸು "ತೀರ್ಥಕ್ಕಾ ಅಮ್ಮಾ?" ಅಂದಳು. "ಹೂಂ" ಅಂದೆ.

ಲೀಲಾಳ ಮನೆ ರಸ್ತೆಗಿಂತ ಹತ್ತು ಮೆಟ್ಟಿಲು ಮೇಲೆ. ಜಗಲಿಯಲ್ಲೇ ಮಷಿನ್ನು ಇಟ್ಟುಕೊಂಡು, ನನಗೆ ಬೆನ್ನು ಮಾಡಿ, ಯಾರದೋ ಯೂನಿಫಾರ್ಮು ಹೊಲಿಯುತ್ತಿದ್ದಳು. "ಲೀಲಾ" ಅಂದೆ. ತಿರುಗಲಿಲ್ಲ. ಓಹೋ, ಇಷ್ಟು ಕೋಪವಾ? ನನಗೂ ಬಂತು. "ಲೀಲಾ!" ಎಂದು ಜೋರಾಗಿಯೇ ಕರೆದೆ. ಮಷಿನ್ನು ಓಡುತ್ತಲೇ ಇತ್ತು. ಗಾಯತ್ರಿ ಒಳಗಿನಿಂದ ಓಡಿಬಂದು, ನನ್ನನ್ನು ನೋಡಿ, ತಾಯಿಯ ಭುಜ ಮುಟ್ಟಿದಳು. ಆಗ ತಿರುಗಿದಳು.

ಆ ಮುಖ. ಒಂದು ಕ್ಷಣ ಬೆಳಗಿತು, ಮರುಕ್ಷಣ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಆಯಿತು.

"ಹೇಳ್ಬೇಡ ಅಂತ ಅವ್ವ ಹೇಳಿದ್ದು ಆಂಟಿ" ಎಂದಳು ಗಾಯತ್ರಿ. "ಒಂದು ವರ್ಷದ ಮೇಲೆ ಆತು. ಈ ಮಳೆಗಾಲದಲ್ಲಿ ಜಾಸ್ತಿ ಆತು. ಮಿಷನ್ ತಂದು ಕೊಟ್ಟಿದ್ದೆ ಕಿವಿಗೆ, ಹಾಕುದಿಲ್ಲೆ."

"ಅದು ಹಾಕಿದ್ರೆ ಪಾತ್ರೆ ಸದ್ದು ಮಾತ್ರ ಕೇಳ್ತದೆ!" ಎಂದು ಲೀಲಾ ನಮ್ಮ ತುಟಿ ನೋಡಿ, ಅಗತ್ಯಕ್ಕಿಂತ ಜೋರಾಗಿ ಹೇಳಿದಳು. "ಇಡೀ ಅಡಿಗೆಮನೆ ತಲೆ ಒಳಗೆ ಬಂದ ಹಾಗೆ!" ಆಮೇಲೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ದಪ್ಪ ಆಗ್ಯೊಳ" ಅಂದಳು.

ನಾನು ಅವಳ ಹತ್ತಿರ ಸ್ಟೂಲು ಎಳೆದು ಕೂತೆ. ಏಪ್ರಿಲಿನ ಚೀಟಿಯನ್ನು ನೆನೆದು ನಾಲಿಗೆ ಕಚ್ಚಿಕೊಂಡೆ. ಕೇಳಬಾರದು ಎಂಬ ಕಟ್ಟನ್ನು ನಾನು ಮುರಿಯಲಿಲ್ಲ, ಅವಳೇ ಹೇಳಿದಳು.

"ನಾನ್ ಕೊಡ್ಬಾರ್ದು ಅಂತ ಇಟ್ಕೊಂಡದ್ದಲ್ಲ ಸರೋಜ. ಸಂಕ್ರಮಣದ ದಿನ ಕಟ್ಟಿ ಇಟ್ಟಿದ್ದೆ. ಕಳಿಸುವ ಮೊದಲು ಒಂದ್ಸಲ ಪೂರ್ತಿ ಕೇಳುವೊ ಅಂತ ಹಾಕ್ದೆ. ಡ್ರಮ್ ಉಟ್ಟು. ಹಾಡುವವ ಇಲ್ಲೆ."

"ಇಲ್ಲೆ ಅಂದ್ರೆ?"

"ಡುಂ ಡುಂ ಅನ್ನುದು ಕೇಳ್ತದೆ. ಅವನ ಸ್ವರ ಇಲ್ಲೆ. ಯಾರೋ ಅವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿದ ಹಾಗೆ." ಅವಳು ಯೂನಿಫಾರ್ಮಿನ ಕಾಲರನ್ನು ಬೆರಳಿನಿಂದ ಮತ್ತೆ ಮತ್ತೆ ತೀಡಿದಳು. "ನಾಳೆ ಕೇಳೀತು ಅಂತ ನಾಳೆ ಹಾಕ್ದೆ. ಮತ್ತೆ ನಾಳೆ. ಒಂದು ದಿನ ಸರಿಯಾಗಿ ಕೇಳಿದ್ರೆ ಮಾರನೇ ದಿನ ಕಳಿಸಿ ಬಿಡುದು ಅಂತ. ದಿನಾ ಹಾಕ್ತಾ ಒಳೆ. ಇವತ್ತೂ ಹಾಕ್ದೆ."

"ಫೋನಲ್ಲಿ ಹೇಳ್ಬೋದಿತ್ತಲ್ಲೇ, ಗಾಯತ್ರಿ ಕೈಲಿ."

ಇದು ಅವಳಿಗೆ ಗೊತ್ತಾಗಲು ಎರಡು ಸಲ ಹೇಳಬೇಕಾಯಿತು. ಗೊತ್ತಾದ ಮೇಲೆ ಅವಳು ಸಿಟ್ಟಿನಿಂದ ನನ್ನನ್ನು ನೋಡಿದಳು. "ಹೇಳಿದ್ರೆ ನೀ ಎಂಥ ಅಂತಿದ್ದೆ, ಹೇಳ್ಲಾ? 'ಪಾಪ, ನೀನೇ ಇಟ್ಕ ಲೀಲಾ' ಅಂತಿದ್ದೆ."

ಆ ಮಾತು ಅಷ್ಟು ಹೊತ್ತಿಗೆ ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು.

ಊಟವಾದ ಮೇಲೆ ರೆಕಾರ್ಡು ಹಾಕಿದೆವು. ಅವಳು ವಾಲ್ಯೂಮನ್ನು ಕೊನೆಯವರೆಗೆ ತಿರುಗಿಸಿದಳು. ಕಪಾಟಿನ ಗಾಜು ಅದುರಿತು. ಗಾಯತ್ರಿ ಕಿವಿ ಮುಚ್ಚಿಕೊಂಡು ಹಿತ್ತಲಿಗೆ ಹೋದಳು. ಲೀಲಾ ಕಣ್ಣು ಮುಚ್ಚಿ ತಲೆ ಆಡಿಸುತ್ತಿದ್ದಳು. ಅವಳಿಗೆ ಎಷ್ಟು ಬರುತ್ತಿತ್ತು, ಎಷ್ಟು ಇಲ್ಲ ಎಂದು ನೋಡುತ್ತ ಕೂತೆ. ಮೊದಲ ಹಾಡಿನಲ್ಲಿ ಆತ ಯಾರನ್ನೋ ಕರೆಯಲು ಶುರುಮಾಡಿದಾಗ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಅದನ್ನು ನನ್ನಿಂದ ನೋಡಲಾಗಲಿಲ್ಲ. ಎದ್ದು ಹೋಗಿ ಅವಳ ಬಲಗಿವಿಯ ಹತ್ತಿರ ಬಾಯಿಟ್ಟು ನಾನೇ ಹಾಡಿದೆ. ಹಾಡಿದೆ ಅನ್ನುವುದು ದೊಡ್ಡ ಮಾತು. ಕಾನ್ವೆಂಟ್ ಕ್ವಾಯರಿನಿಂದ ಮೂರೇ ದಿನಕ್ಕೆ ಹೊರಹಾಕಿಸಿಕೊಂಡ ಗಂಟಲು ಇದು. ಕಿರುಚಿದೆ. ಎಪ್ಪತ್ತು ದಾಟಿದ ಹೆಂಗಸು, ಒಳ್ಳೆ ಸೀರೆ ಉಟ್ಟು, ಇನ್ನೊಬ್ಬಳ ಕಿವಿಯಲ್ಲಿ, ಹಗಲು ಹೊತ್ತಿನಲ್ಲಿ. ಕೆಳಗೆ ರಸ್ತೆಯಲ್ಲಿ ಸಂಗಮಕ್ಕೆ ಹೋಗುತ್ತಿದ್ದ ಯಾರೋ ನಾಲ್ಕು ಜನ ನಿಂತು ಮೇಲೆ ನೋಡಿದರು.

ಲೀಲಾ ಕಣ್ಣು ತೆರೆಯದೆ ಹೇಳಿದಳು, "ಶ್ರುತಿ ಇಲ್ಲೆ." ಸ್ವಲ್ಪ ಹೊತ್ತಿನ ಮೇಲೆ, "ನಿಲ್ಲಿಸ್ಬೇಡ."

ಎರಡೂ ಬದಿ ಮುಗಿಯುವ ಹೊತ್ತಿಗೆ ನನ್ನ ಸ್ವರ ಹೋಗಿತ್ತು.

ನಾಲ್ಕು ಗಂಟೆ ಬಸ್ಸಿಗೆ ಹೊರಟೆ. ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ತೂಗಾಟ. ಬಿಟ್ಟು ಹೋಗಲೇ? ದಿನಾ ಹಾಕಿ ಕೂರುತ್ತಾಳೆ, ಆ ಡ್ರಮ್ಮಾದರೂ ಇದೆ. ನನಗೆ ಎರಡೂ ಕಿವಿ ಸರಿಯಾಗಿದೆ, ಬೇಕಾದರೆ ಫೋನಿದೆ. ಬಿಡುವುದೇ ಸರಿ, ಬಿಡುವುದೇ ಮನುಷ್ಯತ್ವ. ಹೀಗೆ ನಿಶ್ಚಯ ಮಾಡಿ ಚಪ್ಪಲಿ ಹಾಕಿಕೊಳ್ಳುವಾಗ ಲೀಲಾ ಒಳಗಿನಿಂದ ಬಂದಳು. ಚೌಕದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಚೀಲದ ಬಾಯಿ ಹೊಲಿದಿತ್ತು. ನನ್ನ ಮುಖ ನೋಡದೆ ಮುಂದೆ ಚಾಚಿದಳು.

ಬೇಡ ಎಂದು ಹೇಳಲು ಬಾಯಿ ತೆರೆದೆ. ತೆರೆದವಳಿಗೆ ಹೊಳೆಯಿತು. ಇದನ್ನು ನಾನು ಇಲ್ಲೇ ಬಿಟ್ಟರೆ ಅದು ದಾನವಾಗುತ್ತದೆ. ಐವತ್ತು ವರ್ಷ ನಾವು ಒಬ್ಬರಿಗೊಬ್ಬರು ಏನೂ ದಾನ ಕೊಟ್ಟವರಲ್ಲ. ಬಿಟ್ಟರೆ ನಾಳೆ ಕಳಿಸುವುದಿಲ್ಲ, ಕಾಯುವುದಿಲ್ಲ, ತಡವಾಗುವುದಿಲ್ಲ, ಬೈಯುವುದಿಲ್ಲ. ನಿನ್ನದು ಮುಗಿಯಿತು ಲೀಲಾ ಎಂದು ನಾನೇ ಹೇಳಿದ ಹಾಗಾಗುತ್ತದೆ. ತೆಗೆದುಕೊಂಡರೆ ಬಿಸುಗೆ ನಾನು ಕೊಡಬೇಕು. ಅವಳು ಕಾಯಬೇಕು.

ತೆಗೆದುಕೊಂಡೆ. ತೆಗೆದುಕೊಳ್ಳುವಾಗ ಅವಳು ಒಂದು ಕ್ಷಣ ಬಿಡಲಿಲ್ಲ, ನಾನೂ ಬಿಡಲಿಲ್ಲ. ಆಮೇಲೆ ಬಿಟ್ಟಳು. ಅವಳ ಹೆಗಲು ಸ್ವಲ್ಪ ಕೆಳಗಿಳಿಯಿತು, ಭಾರ ಇಳಿಸಿದವರ ಹಾಗೆ.

ಹತ್ತು ಮೆಟ್ಟಿಲು ಇಳಿದು ಬಸ್ಸಿನವರೆಗೆ ಬಂದಳು. ನಾನು ಕಿಟಕಿಯ ಪಕ್ಕ ಕೂತು ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗುವಾಗ ಅವಳು ಕಿಟಕಿಯ ಸರಳು ಹಿಡಿದು, ಅಂಗಡಿಯವರೆಲ್ಲ ತಿರುಗಿ ನೋಡುವ ಹಾಗೆ ಕೂಗಿದಳು:

"ಬಿಸುಗೆ ಒಂದೇ ಒಂದು ದಿನ ತಡ ಆದ್ರೂ ನಾನೇ ಬಸ್ ಹತ್ತಿ ಬಂದು ನಿನ್ನ ಮನೇಲಿ ಕೂರುವೆ, ನೋಡು!"

ನನ್ನ ಹರಿದ ಗಂಟಲಿನಲ್ಲಿ ಇನ್ನೂ ಎಷ್ಟು ಉಳಿದಿತ್ತೋ ಅಷ್ಟನ್ನೂ ಸೇರಿಸಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ.

"ತಡ ಮಾಡ್ತೀನಿ ಕಣೇ! ಖಂಡಿತ ತಡ ಮಾಡ್ತೀನಿ!"

ಅವಳಿಗೆ ಕೇಳಿಸಿತೋ ಇಲ್ಲವೋ. ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿತು.